ಬೂತಾಯಿ ಎಂದು ಕೂಗುವವನು

ಬೆಳಗಿನ ಜಾವ ನಾಲ್ಕಕ್ಕೆ ಮಂಡ್ಯದ ಮಾರ್ಕೆಟ್ಟಿನ ಹಿಂದೆ
ಘಟ್ಟ ಹತ್ತಿ ಬಂದ ಲಾರಿ ನಿಲ್ಲುತ್ತದೆ,
ಹಿಂಬದಿಯಿಂದ ಐಸುನೀರು ಸೋರುತ್ತ.
ಊರಿನ ಬೆಕ್ಕುಗಳೆಲ್ಲ ಹಾಜರು.
ಎರಡು ಕ್ರೇಟು ಎತ್ತಿ ಟಿವಿಎಸ್ಸಿಗೆ ಬಿಗಿದು
ಹೊಳಲು, ಶಿವಳ್ಳಿ, ದುದ್ದದ ದಾರಿ ಹಿಡಿಯುತ್ತೇನೆ.
ಸೋಮವಾರ, ಶನಿವಾರ ನನ್ನ ಗಾಡಿಗೂ ಉಪವಾಸ.

ಮೊದಲ ವರ್ಷ ಯಾರೂ ಕೊಳ್ಳಲಿಲ್ಲ.
ಕೆರೆಯ ಜಿಲೇಬಿ, ನಾಲೆಯ ಹಾವುಮೀನು
ತಿಂದು ಬೆಳೆದ ನಾಲಿಗೆಗಳು.
ಗೇಣುದ್ದವೂ ಇಲ್ಲದ ಈ ಬೆಳ್ಳಿ ಚೂರನ್ನು
ಹಿಂದೆ ಮುಂದೆ ತಿರುಗಿಸಿ
"ಮರಿ ಹಿಡ್ಕಬಂದಿದ್ದೀಯಲ್ಲೋ, ಪಾಪ ಬರಾಕಿಲ್ವ?" ಅಂದವರೇ ಹೆಚ್ಚು.

ಹೆಸರೂ ಎಡವಟ್ಟು.
"ಬೂತಾಯಿ, ಬೂತಾಯೀ" ಎಂದು ಕೂಗಿದರೆ
ಜಗಲಿಯ ಮೇಲೆ ಕಾಲು ಚಾಚಿದ್ದ ಕೆಂಪಾಜಮ್ಮ
ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡಳು.
ಆಮೇಲೆ ಕ್ರೇಟಿನೊಳಗೆ ಇಣುಕಿ
"ಥೂ ನಿನ್ನ! ಬೂತಾಯ ತಕ್ಕಡೀಗ್ ಆಕ್ತೀಯೇನ್ಲಾ ಸಣ್ಣಬೋರಾ?
ನಲವತ್ತು ವರ್ಸ ಅವಳ ಮ್ಯಾಲೆ ನಿಂತು ನಾಟಿ ಆಕಿದೋಳು ನಾನು."

ಅವಳ ಮೂಳೆ ಮುರಿದದ್ದು ಗದ್ದೆಯಲ್ಲಲ್ಲ,
ಬಚ್ಚಲಲ್ಲಿ, ಸೋಪಿನ ಚೂರಿನಿಂದ.
ಆಸ್ಪತ್ರೆಯ ನರ್ಸು ಪ್ರಫುಲ್ಲ, ಕಡಲ ಕಡೆಯ ಹುಡುಗಿ,
ಮಣಿಕಟ್ಟಿಗೆ ಪಟ್ಟಿ ಸುತ್ತುತ್ತ ಹೇಳಿದಳಂತೆ:
ಬೆಂದರೆ ಮುಳ್ಳೂ ಮೆತ್ತಗಾಗ್ತದೆ ಅಜ್ಜಿ, ಅಗಿದು ನುಂಗಿ,
ಮೂಳೆಗೆ ಮೂಳೆ.
ಅದರ ಕೊಬ್ಬು ಎದೆಗೂ ಒಳ್ಳೇದು,
ಒಮೆಗಾ ಅಂತ ಉಂಟು.

"ಓಮಕಾಳು ಐತಂತೆ ಕಣ್ಲಾ ಅದ್ರೊಳಗೆ"
ಎಂದು ಕೆಂಪಾಜಮ್ಮ ನನಗೇ ಬುದ್ಧಿ ಹೇಳಿದಳು.
"ಅರ್ಧ ಕೆಜಿ ಆಕು.
ಎಸರು ಮಾತ್ರ ನಮ್ಮನೆ ಮುಂದೆ ಕೂಗ್ಬ್ಯಾಡ."

ಲಾರಿಯ ಇಸ್ಮಾಯಿಲಾಕ ಬೀಡಿ ಹಚ್ಚಿಕೊಂಡು ಕಲಿಸಿದ್ದನ್ನೇ
ಅವಳ ಸೊಸೆಗೆ ದಾಟಿಸಿದೆ.
ಮೊದಲು ಮೀನಿನ ಕಣ್ಣು ನೋಡು,
ಮಂಜಾಗಿದ್ದರೆ ನನ್ನ ಹತ್ತಿರವೂ ಕೊಳ್ಳಬೇಡ.
ಪಕ್ಕೆಗೆ ಮೂರು ಗೀರು, ಉಪ್ಪು, ಖಾರದಪುಡಿ,
ನಿಂಬೆ ಹಿಂಡಿ ಒಂದು ಗಳಿಗೆ ಮರೆತುಬಿಡು.
ಕಾವಲಿಗೆ ಎಣ್ಣೆ ಒಂದೇ ಚಮಚ,
ಮಿಕ್ಕಿದ್ದನ್ನು ಅದೇ ಬಿಡುತ್ತದೆ.
ಸಾಲ ಕೇಳದ ಮೀನು ಇದು.

ಸಾರಿಗಾದರೆ ಹುಣಸೆ, ಮೆಣಸು, ಬೆಳ್ಳುಳ್ಳಿ, ಹುರಿದ ಧನಿಯ.
ಸೌಟು ಹಾಕಬೇಡ,
ಮಡಕೆಯನ್ನೇ ಹಿಡಿದು ತೊಟ್ಟಿಲಂತೆ ತೂಗು.
ಮಗುವಿನ ತಟ್ಟೆಗೆ ಮಾತ್ರ ಮುಳ್ಳು ಬಿಡಿಸು.
ರಾತ್ರಿ ಮುಚ್ಚಿಟ್ಟದ್ದು ಬೆಳಿಗ್ಗೆ ಕಾಯಿಸಿದರೆ
ಸಾರು ಅಷ್ಟರಲ್ಲಿ ಮಾತು ಕಲಿತಿರುತ್ತದೆ.
ಬಿಸಿ ಮುದ್ದೆ ಮುರಿದು ಅದ್ದಿ...
ಸಾಕು, ಇನ್ನೂ ಹೇಳಿದರೆ ನನಗೇ ಹಸಿವು,
ಮುಂದೆ ಎರಡು ಊರಿದೆ.

ಆಲೆಮನೆ ಹುಡುಗರಿಗೆ ಇಷ್ಟೂ ತಾಳ್ಮೆಯಿಲ್ಲ.
ಉಪ್ಪು ಸವರಿ, ಬಾಳೆಲೆಯಲ್ಲಿ ಸುತ್ತಿ
ಒಲೆಯ ಬಾಯಿಯ ಕೆಂಡದಂಚಿಗೆ ತಳ್ಳುತ್ತಾರೆ.
ಮೇಲೆ ಕೊಪ್ಪರಿಗೆಯಲ್ಲಿ ಬೆಲ್ಲ ಉಕ್ಕುತ್ತಿರುತ್ತದೆ,
ಕೆಳಗೆ ಕಡಲು ಬೇಯುತ್ತಿರುತ್ತದೆ.
ಎಲೆ ಬಿಚ್ಚಿದ ಹೊಗೆಗೆ
ಕಬ್ಬಿನ ಗಾಡಿಯ ಎತ್ತೂ ತಲೆಯೆತ್ತಿ ನೋಡಿದ್ದನ್ನು ಕಂಡಿದ್ದೇನೆ.

ನಿನ್ನೆ ಭಾನುವಾರ.
ಪಟ್ಟಿ ಬಿಚ್ಚಿದ ಕೈಯಲ್ಲಿ ತಟ್ಟೆ ಹಿಡಿದು
ಕೆಂಪಾಜಮ್ಮ ಜಗಲಿಯಲ್ಲಿ ಅಗಿಯುತ್ತಿದ್ದಳು.
ತಟ್ಟೆಯ ಅಂಚಿನಲ್ಲಿ ಒಂದು ಮುಳ್ಳಿಲ್ಲ.
"ಮುಳ್ಳು?"
"ಒಳೀಕೋಯ್ತು."
ತುಸು ಹೊತ್ತು ಸುಮ್ಮನಿದ್ದು, ಬೆರಳು ನೆಕ್ಕಿ:
"ಬಗ್ಗಿ ಬಗ್ಗಿ ಬೆನ್ನೆಲ್ಲ ಅವಳಿಗೇ ಕೊಟ್ಟಿದ್ದೆ ಕಣ್ಲಾ.
ಋಣ ಮಡಗ್ಕಳೋಳಲ್ಲ ಅವಳು.
ನೋಡು, ಸಮುದ್ರ ಬಳಸ್ಕಂಡು ಬಂದವ್ಳೆ."

ಗಾಡಿ ಒದ್ದೆ. ಕೂಗಲು ಬಾಯಿ ತೆರೆಯುವ ಮೊದಲೇ
ಅವಳೇ ಕೂಗಿದಳು ಬೀದಿಯುದ್ದಕ್ಕೂ:
"ಬೂತಾಯಿ ಬಂದವ್ಳೆ ಬನ್ರವ್ವೋ!"
ಯಾವ ತಾಯಿ ಎಂದು
ಅವಳ ನಾಲಿಗೆ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಎದುರುಮನೆಯ ಬಾಗಿಲು ಕಿರ್ರೆಂದಿತು.
ಹಿಂದಿನಿಂದ ಅವಳ ದನಿ:
"ಕೂಗಿದ್ ಕೂಲಿ ಕಣ್ಲಾ ಬೋರಾ, ಅತ್ತು ರೂಪಾಯಿ ಮುರ್ಕೊ."