ಎರಡು ಬೆರಳು

ಕಾಫಿ ಕಣದ ಸಿಮೆಂಟಿನ ಮೇಲೆ
ಪೊನ್ನವ್ವನ ಹಳೇ ಝೆನ್ನು ಮೂರು ಕಾಲಲ್ಲಿ ನಿಂತಿದೆ.
ಒಣಗುತ್ತಿದ್ದ ಚೆರಿಯನ್ನು ಮೂಲೆಗೆ ಗೋರಿ
ಜಾಗ ಮಾಡಿಕೊಟ್ಟವನು ನಾನೇ.

"ಮುಖ ಆಚೆ ಇಡು, ಸ್ಪ್ರಿಂಗು ಹಾರಿದರೆ
ನಿನ್ನ ಹಲ್ಲು ಅಮ್ಮತ್ತಿಯಲ್ಲಿ ಹುಡುಕಬೇಕು."
ಕಂಪ್ರೆಸರು ಬಿಗಿಯುತ್ತಾಳೆ
ಈ ಕಡೆ ಅರ್ಧ ಸುತ್ತು, ಆ ಕಡೆ ಅರ್ಧ ಸುತ್ತು,
ಜಡೆ ಹೆಣೆದ ಹಾಗೆ.

ನಾಲ್ಕೂ ಗಿಡ್ಡ ಸ್ಪ್ರಿಂಗು ಸೇರುವಾಗ ಸಂಜೆ.
ಜಾಕು ಇಳಿಸಿದಳು. ಕಾರು ಉಸಿರು ಬಿಟ್ಟು ಕೂತಿತು,
ಚಕ್ರಕ್ಕೂ ಮಡ್‌ಗಾರ್ಡಿಗೂ ನಡುವೆ
ಎರಡೇ ಬೆರಳು.

ಸಿದ್ದಾಪುರ ರಸ್ತೆಯ ಉಬ್ಬುಗಳು? ಕೇಳಿದೆ.
"ಓರೆಯಾಗಿ ದಾಟಿದರಾಯಿತು," ಅಂದಳು
ಗ್ರೀಸು ಕೈಯಲ್ಲೇ ಕಿತ್ತಳೆ ಸುಲಿಯುತ್ತ.

ಮೇಜರ್ ಮಾತ್ರ, ನಮ್ಮ ನಾಯಿ,
ಐದು ವರ್ಷದ ತನ್ನ ನೆರಳಿಗೆ ನುಗ್ಗಹೋಗಿ
ಬೆನ್ನು ತಾಗಿ
ಹಿಂದೆ ಸರಿದು
ನನ್ನನ್ನು ನೋಡಿತು, ಅವಳನ್ನಲ್ಲ.