ಧೂಮಪಾನ: ಇಲ್ಲ

ತಾಯಿ ಕಾರ್ಡಿನ ಮೂರನೆಯ ಪುಟ. ಕೇಳಲೇಬೇಕಾದ ಪ್ರಶ್ನೆ.
ಬೀಡಿ ಗೀಡಿ ಸೇದುತ್ತೀಯಾ, ಅಮ್ಮಿಣಿ?
ಅವಳು ನಕ್ಕಳು, ನಗು ಕೆಮ್ಮಾಯಿತು,
ಕೆಮ್ಮು ಮುಗಿಯುವವರೆಗೆ ಪೆನ್ನು ಹಿಡಿದು ಕಾದೆ.
ಇಲ್ಲಕ್ಕಾ, ಎಲೆ ಅಡಿಕೆ ಮಾತ್ರ.
ಧೂಮಪಾನ: ಇಲ್ಲ. ಗೀಟು ಹಾಕಿದೆ.
ನನ್ನ ಕಣ್ಣಲ್ಲಿ ನೀರು ಸುರಿಯುತ್ತಿತ್ತು,
ಒಲೆಯಲ್ಲಿ ಹಸಿ ಕಾಫಿ ಕೊಂಬೆ ಸೊಂಯ್ಯೆಂದು ನೊರೆ ಕಾರುತ್ತಿತ್ತು.

ಮಾಲ್ದಾರೆಯ ಲೈನ್ ಮನೆ. ಒಂಬತ್ತರಲ್ಲಿ ಏಳನೆಯದು.
ಹತ್ತಡಿ ಉದ್ದ, ಎಂಟಡಿ ಅಗಲ, ಅದರೊಳಗೇ ಒಲೆ,
ಹಾಸಿಗೆ, ಕೋಳಿ ಬುಟ್ಟಿ, ಚಾತನ ಮೊಬೈಲು,
ಮತ್ತೆ ಮೂಲೆಯಲ್ಲಿ ಕೆಂಪು ಸಿಲಿಂಡರ್,
ಗೋಣಿ ಹೊದ್ದು ಕೂತಿದೆ; ಯಾರಾದರೂ ಬಂದರೆ ಅದೇ ಮಣೆ.
ನಾನೂ ಅದರ ಮೇಲೇ ಕೂತಿದ್ದೆ.
ತುಂಬಿಸೋಕೆ ಎಷ್ಟಾಗುತ್ತೆ ಗೊತ್ತಾ ಅಕ್ಕಾ?
ಹಣದ ಲೆಕ್ಕ ಹೇಳಲಿಲ್ಲ ಅವಳು, ಕಾಫಿಯ ಲೆಕ್ಕ ಹೇಳಿದಳು:
ಮೂರು ದಿನದ ಹಣ್ಣು. ಆಟೊ ಬೇರೆ.

ಕಿಟಕಿ ತೆಗಿ ಎಂದೆ, ಟ್ರೈನಿಂಗಲ್ಲಿ ಕಲಿಸಿದ ಹಾಗೆ.
ಒಲೆಯ ಪಕ್ಕದ ಗೋಡೆ ತೋರಿಸಿದಳು:
ಬಣ್ಣ ಬೇರೆಯಾದ ಒಂದು ಚೌಕ, ಇಟ್ಟಿಗೆ, ಮಣ್ಣು.
ಹೋದ ವರ್ಷ ಅಲ್ಲಿಂದಲೇ ಸೊಂಡಿಲು ಬಂತು.
ಅಕ್ಕಿ ಡಬ್ಬಿ ಉರುಳಿಸಿತು, ಉಪ್ಪು ಚೆಲ್ಲಿತು,
ಇವಳ ಕಾಲು ಮುಟ್ಟಿ, ಮೂಸಿ, ಬಿಟ್ಟುಹೋಯಿತು.
ಬೆಳಗಾಗುತ್ತಲೇ ಚಾತ ಮುಚ್ಚಿದ.
ಈಗ ಆರಕ್ಕೆ ಬಾಗಿಲೂ ಬಂದ್. ಆರರ ನಂತರ
ಆನೆ ಹೊರಗೆ, ಹೊಗೆ ಒಳಗೆ,
ನಡುವೆ ಇವಳು, ಇವಳೊಳಗೆ ಇನ್ನೊಂದು.

ಅಡಿಹೊಟ್ಟೆಯ ಮೂಳೆಯಿಂದ ಮೇಲಕ್ಕೆ ಟೇಪು ಹಿಡಿದೆ.
ವಾರ ಮೂವತ್ತೆರಡು, ಟೇಪಿನಲ್ಲಿ ಇಪ್ಪತ್ತೇಳು.
ಮತ್ತೆ ಅಳೆದೆ. ಇಪ್ಪತ್ತೇಳು.
ಹಳೆಯ ಟೇಪು, ಹಿಗ್ಗಿರಬಹುದು ಅಂದುಕೊಂಡೆ,
ಹೊಸದು ತಂದು ಮುಂದಿನ ಮಂಗಳವಾರ ಅಳೆದೆ.
ಟೇಪಿನದೇನೂ ತಪ್ಪಿರಲಿಲ್ಲ.

ಬಾಳೆಲೆಯ ನಮ್ಮ ಮನೆಯಲ್ಲಿ ಅವ್ವ
ಒಲೆಯ ಮೇಲೆ ಹಂದಿ ಎರಚಿ ಸಾಲಾಗಿ ತೂಗುಹಾಕುತ್ತಿದ್ದಳು.
ಹೊಗೆ ಅದನ್ನು ಕೆಡದಂತೆ ಕಾಯುತ್ತದೆ ಎನ್ನುತ್ತಿದ್ದಳು.
ಕಾಯುತ್ತದೆ, ಹೌದು. ಕುಗ್ಗಿಸಿ ಕಾಯುತ್ತದೆ:
ಅಂಗೈಯಗಲದ ತುಂಡು ತಿಂಗಳಲ್ಲಿ ಹೆಬ್ಬೆರಳಾಗುತ್ತಿತ್ತು.
ಈ ಮಾತನ್ನು ಅಮ್ಮಿಣಿಗೆ ಹೇಳಲಿಲ್ಲ.
ಹೇಳಿದ್ದು ಇಷ್ಟೇ: ಸೌದೆ ಒಣಗಿಸು, ಒಲೆಯ ಮುಂದೆ ಕೂತಿರಬೇಡ,
ಮಗುವಿಗೆ ಬೇರೆ ಗಾಳಿಯಿಲ್ಲ, ನಿನ್ನ ರಕ್ತವೇ ಗಾಳಿ.
ಅವಳು ಕೇಳಿದಳು: ಹಾಗಾದರೆ ಅದೂ ಕೆಮ್ಮುತ್ತಾ, ಒಳಗೆ?
ಕಾರ್ಡಿನಲ್ಲಿ ಇದಕ್ಕೆ ಜಾಗವಿಲ್ಲ.

ಕೊಯ್ಲು ಮುಗಿಯುವ ಮೊದಲೇ ಹೆರಿಗೆ.
ಸಾವಿರದ ಎಂಟುನೂರು ಗ್ರಾಂ. ಹೆಣ್ಣು.
ಮಡಿಕೇರಿಯ ಗಾಜಿನ ಪೆಟ್ಟಿಗೆಯಲ್ಲಿ ಹನ್ನೊಂದು ದಿನ.
ಅಮ್ಮಿಣಿ ಈಚೆ ನಿಂತು ನೋಡಿ ಹೇಳಿದಳಂತೆ:
ಹೊಗೆಯೇ ಇಲ್ಲದ ಮನೆ, ಎಲ್ಲ ಕಡೆಯೂ ಕಿಟಕಿ,
ಆನೆಯೂ ಬರುವುದಿಲ್ಲ.

ಊರಿಗೆ ಬಂದ ಮೇಲೆ ತೂಕಕ್ಕೆ ಹೋದೆ.
ತಕ್ಕಡಿಯ ಕೊಕ್ಕೆಯನ್ನು ಅಟ್ಟದ ಬಿದಿರಿಗೆ ಸಿಕ್ಕಿಸಿದಾಗ
ಮಸಿ ಉದುರಿತು, ಮಗುವಿನ ಕೆನ್ನೆಗೆ ಒಂದು ಚುಕ್ಕೆ.
ಇರಲಿ ಬಿಡು, ದೃಷ್ಟಿಬೊಟ್ಟು, ಎಂದಳು ಚಾತನ ತಾಯಿ.
ಮುಳ್ಳು ನಡುಗಿ ಎರಡರ ಹತ್ತಿರ ನಿಂತಿತು.
ಕಣದಲ್ಲಿ ದಿನವೂ ಎಂಬತ್ತು ಕೆಜಿ ತೂಗಿಸುವವಳು,
ರೈಟರು ಗೋಣಿಗೊಂದು ಕೆಜಿ, ಇಬ್ಬನಿಗೊಂದು ಕೆಜಿ
ಕಳೆಯುವುದನ್ನು ಕಂಡವಳು,
ಮೆಲ್ಲಗೆ ಕೇಳಿದಳು:
ಬಟ್ಟೆಯದು ಕಳೆದಿರಾ ಅಕ್ಕಾ?
ಇಲ್ಲ, ಎಂದೆ. ಇವತ್ತು ಕಳೆಯುವುದಿಲ್ಲ.

ಮೇಲೆ ಚಾತ ಒಂದು ಹೆಂಚು ಜರುಗಿಸುತ್ತಿದ್ದ.
ಸೊಂಡಿಲಿಗೆ ಎಟುಕದಷ್ಟು ಎತ್ತರವೋ, ಅವನಿಗೂ ಖಾತ್ರಿಯಿಲ್ಲ.
ಒಂದು ಗೇಣು ಬಿಸಿಲು ಒಲೆಯ ಮೇಲೆ ಇಳಿಯಿತು.
ಆಗಲೇ ನಮಗೆಲ್ಲ ಕಂಡದ್ದು,
ಹೊಗೆ ಎಷ್ಟು ದಪ್ಪ ಎಂದು.