ಕರಿಗೇರು

ಪುಸ್ತಕ ಎಲ್ಲಿ ಅಂತ ಕೇಳಿದರು.
ಪುಸ್ತಕ ಇಲ್ಲ ಸ್ವಾಮಿ, ಅಂದೆ.
ಸ್ವಾಮಿ ಅನ್ನಬಾರದಂತೆ ಈಗ, ಸಂಗಾತಿ ಅನ್ನಬೇಕಂತೆ.
ಪುಸ್ತಕ ಇಲ್ಲ ಸಂಗಾತಿ,
ವೈಯಾಲಿಕಾವಲಿನ ನಾನೂರು ಮನೆಯ ಗುರುತು
ನಮ್ಮತ್ತೆಯ ತಲೆಯಿಂದ ನನ್ನ ತಲೆಗೆ ಬಂದದ್ದು:
ಕರಿಗೇರಿನ ರಸ, ಸೂಜಿಯ ಮೊನೆ, ಕಾಲರಿನ ಒಳಮೈ.
ವಕೀಲರದು ಮೂರು ಚುಕ್ಕಿ,
ಅಣ್ಣತಮ್ಮ ಬೇರೆಯಾದ ಮೇಲೆ ತಮ್ಮನದಕ್ಕೆ ಕೆಳಗೊಂದು ಗೀಟು.

ಹೊರಗಿನ ಯುದ್ಧ ನೆಲಮಂಗಲದ ಆಚೆಗಿತ್ತು,
ರಾತ್ರಿ ಗಾಳಿ ಆ ಕಡೆಯಿಂದ ಬೀಸಿದರೆ
ಕಿಟಕಿಯ ಗಾಜು ಸಣ್ಣಗೆ ಹಲ್ಲು ಕಡಿಯುತ್ತಿತ್ತು.
ಒಳಗಾವಲಿನವರದು ಟೌನ್‌ಹಾಲಿನ ನೆಲಮಾಳಿಗೆ,
ಟ್ಯೂಬ್‌ಲೈಟಿನ ಕೆಳಗೆ ಒಂದು ಮೇಜು,
ಮೇಜಿನಾಚೆ ಬೆಟ್ಟಸ್ವಾಮಿ.
ಮೊದಲು ಕಂಡಕ್ಟರು, ಯಶವಂತಪುರ–ಮಾರ್ಕೆಟ್ಟು.
ನನ್ನ ಚಿಲ್ಲರೆ ಬಾಕಿಯನ್ನು ಟಿಕೆಟ್ಟಿನ ಹಿಂದೆ
ಎಷ್ಟೋ ಸಲ ಬರೆದುಕೊಟ್ಟವನು.
ಈಗಲೂ ಹಾಳೆ ತಿರುವುವಾಗ ಹೆಬ್ಬೆರಳಿಗೆ ಎಂಜಲು.

ತಗಡಿನ ತಟ್ಟೆಯಲ್ಲಿ ಕಾಲರಿನ ತುಂಡೊಂದು ಇಟ್ಟ.
ರಕ್ತ ಒಣಗಿ ಕಾಫಿ ಕಲೆಯ ಹಾಗಿತ್ತು,
ನನ್ನ ಕೈಗೆ ತಾನಾಗಿ ಉಪ್ಪುನೀರಿನ ನೆನಪಾಯಿತು.
ಎರಡು ಚುಕ್ಕಿ, ಅಡ್ಡ ಗೀಟು, ಬಾಲದಲ್ಲೊಂದು ಕೊಂಡಿ.
ಯಾರದು?
ಸುಳ್ಳು ಯಾಕೆ ಹೇಳಲಿ, ಹೆಮ್ಮೆಯಾಯಿತು.
ಅಷ್ಟು ಓದಿದವರಿಗೆ ಬಾರದ ಅಕ್ಷರ ನನಗೆ ಬಂತಲ್ಲ.
ಹಾರ್ಮೋನಿಯಂ ರಿಪೇರಿ ಸೂರಪ್ಪನದು, ಅಂದೆ,
ದೇವಯ್ಯ ಪಾರ್ಕಿನ ಹಿಂದೆ, ಹಸಿರು ಬಾಗಿಲು.
ಟೀ ಕೊಟ್ಟರು. ಸಕ್ಕರೆ ಹಾಕಿದ ಟೀ, ಆ ದಿನಗಳಲ್ಲಿ.

ಅವರಿಗೆ ಬೇಕಿದ್ದದ್ದು ಬಾಗಿಲಂತೆ.
ಮಾರನೇ ದಿನ ಒಗೆದ ಗಂಟು ಹೊತ್ತು ಹೋದರೆ
ಬೀಗಕ್ಕೆ ಅರಗಿನ ಮುದ್ರೆ.
ಯಾವುದೋ ದೀಪ ಆರಿಸಲು ಮರೆತಿದ್ದರು,
ಕರೆಂಟು ಮೀಟರಿನ ಚಕ್ರ ತಿರುಗುತ್ತಲೇ ಇತ್ತು.
ಗಂಟು ವಾಪಸ್ಸು ತಂದೆ.
ಎರಡು ಷರ್ಟು, ತಂಗಿಯ ಮೂರು ಸೀರೆ, ಮಗುವಿನದೊಂದು ಟವೆಲು.

ಆಮೇಲೆ ಬಂದ ತುಂಡುಗಳಿಗೆಲ್ಲ ನಮ್ಮದಲ್ಲ ಅಂದೆ.
ಇಷ್ಟು ದಪ್ಪ ಚುಕ್ಕಿ ನಾವಿಡಲ್ಲ,
ಹಲಸೂರಿನ ಕೈ ಇರಬೇಕು, ಅಂದೆ.
ಬುದ್ಧಿವಂತೆ ಅಂದುಕೊಂಡೆ.
ಹಲಸೂರಿನ ದೊರೈಕಣ್ಣುವನ್ನು
ಒದ್ದೆ ಕೈಯಲ್ಲೇ ಜೀಪು ಹತ್ತಿಸಿದರಂತೆ.
ಅವನ ಹೆಂಡತಿಯೇ ಬಂದು ಹೇಳಿದಳು,
ನನ್ನ ಮುಂದೆ ಕೂತು,
ನನ್ನದೇ ಎಲೆಅಡಿಕೆ ಹಾಕಿಕೊಂಡು.

ಸಂಪಿಗೆ ರಸ್ತೆಯ ಗೋಡೆಗಳ ಮೇಲೆ ಹೊಸ ಪಟ್ಟಿ ಬಂತು:
ಒಳಗಾವಲಿನ ಒಳಗಿನ ದ್ರೋಹಿಗಳು.
ಬಣ್ಣ ಇನ್ನೂ ಸೋರುತ್ತಿದ್ದ ರಾತ್ರಿ
ಬೆಟ್ಟಸ್ವಾಮಿ ಘಾಟಿಗೆ ಬಂದ. ಕರ್ಫ್ಯೂ. ಚಪ್ಪಲಿ ಕೈಯಲ್ಲಿ.
ಸಂಪಂಗಮ್ಮ, ಈ ಗುರುತು ತೆಗೆದುಬಿಡು.
ಷರ್ಟು ಬಿಚ್ಚಿ ಚಾಚಿದ. ನಾನೇ ಇಟ್ಟದ್ದು,
ಒಂದು ಇಂಟು, ಎಡಕ್ಕೊಂದು ಚುಕ್ಕಿ.
ಕರಿಗೇರು ಹೋಗಲ್ಲ ಕಣಪ್ಪ.
ಬ್ಲೀಚಿಂಗು?
ಹೋಗಲ್ಲ.
ಒಗೆಯುವ ಕಲ್ಲಿನ ಮೇಲೆ ಕೂತ.
ತುಂಬ ಹೊತ್ತಾದ ಮೇಲೆ,
ನಿನಗೆ ಚಿಲ್ಲರೆ ಕೊಡಬೇಕಿತ್ತಲ್ಲ, ಅಂದ.

ಒಳಗೆ ಹೋಗಿ ಸೂರಪ್ಪನ ಗಂಟು ಬಿಚ್ಚಿದೆ.
ಮೇಲಿನ ಷರ್ಟಿಗೆ ಇಸ್ತ್ರಿಯ ಗೆರೆ ಇನ್ನೂ ಮುರಿದಿರಲಿಲ್ಲ.
ಯಾಕೆ ಕೊಟ್ಟೆನೋ. ಕರುಣೆಯೋ, ಸೇಡೋ,
ಈಗಲೂ ಮಗುಚಿ ಮಗುಚಿ ನೋಡುತ್ತೇನೆ,
ಯಾವುದು ಒಳಮೈ ಯಾವುದು ಹೊರಮೈ ತಿಳಿಯುವುದಿಲ್ಲ.
ಅವನು ಬೆಂಕಿಕಡ್ಡಿ ಗೀರಿ ಕಾಲರು ತಿರುಗಿಸಿದ.
ಎರಡು ಚುಕ್ಕಿ, ಅಡ್ಡ ಗೀಟು, ಕೊಂಡಿ.
ಅದನ್ನು ಓದಲು ಕಲಿಸಿದವಳು ನಾನೇ.
ಗುಂಡಿ ಹಾಕಿಕೊಂಡ, ಕೊರಳಿನದನ್ನೂ ಬಿಡದೆ.

ಎಂಟು ದಿನಕ್ಕೆ ಹೊಸಬನೊಬ್ಬ ತಟ್ಟೆ ತಂದ,
ಮೀಸೆ ಬಾರದ ಹುಡುಗ.
ಯಾರದು?
ಸೂರಪ್ಪನದು, ಅಂದೆ.
ರಿಜಿಸ್ಟರು ತಿರುವಿದ. ಮತ್ತೆ ಮೊದಲಿಂದ ತಿರುವಿದ.
ಇವನು ಆಗಲೇ ಸತ್ತಿದ್ದಾನಲ್ಲಮ್ಮ?
ಹೌದು, ಅಂದೆ, ನೀಲಿಯ ಬಕೆಟ್ಟಿನಿಂದ ಕೈ ತೆಗೆಯದೆ.
ಹುಡುಗ ಸ್ವಲ್ಪ ಹೊತ್ತು ಪೆನ್ನು ಕಚ್ಚಿಕೊಂಡಿದ್ದು
ಹೆಸರಿನ ಪಕ್ಕ ಎರಡು ಅಂತ ಬರೆದುಕೊಂಡು ಹೋದ.

ಗಂಟಿನಲ್ಲಿ ಇನ್ನೂ ಒಂದು ಷರ್ಟಿದೆ.